ಒಗ್ಗರಣೆ ಡಬ್ಬಿಯೂ ತಿಜೋರಿಯೂ

ಬಸವನಗುಡಿಯ ವಾಚಕಿಯೊಬ್ಬರು ಪತ್ರ ಬರೆದಿದ್ದಾರೆ. ಪತ್ರ ದೀರ್ಘವಾಗಿದೆ, ಸಾರಾಂಶ ಇಷ್ಟು. ಅವರ ಮನೆಯಲ್ಲಿರುವುದು ಒಂದೇ ಕಂಪ್ಯೂಟರು. ಹಗಲು ಅದರಲ್ಲಿ ಯಜಮಾನರ ಕಛೇರಿಯ ಕೆಲಸ, ಸಂಜೆ ಮಗಳ ಆಟ. ಆಟ ತೊಡಗಿದ ಸ್ವಲ್ಪ ಹೊತ್ತಿಗೆಲ್ಲ ಪರದೆಯ ಮೂಲೆಯಲ್ಲಿರುವ ಮೋಡದ ಗುರುತಿನ ಬಳಿ ಬಾಣಗಳು ಗಿರಗಿರನೆ ಸುತ್ತತೊಡಗುತ್ತವೆ. ಅವು ಸುತ್ತುವಷ್ಟು ಹೊತ್ತೂ ಆಟ ತಡವರಿಸುತ್ತದೆ. ಒಮ್ಮೊಮ್ಮೆ "ಉಳಿಸಲಾಗಲಿಲ್ಲ" ಎಂದು ಕೈಚೆಲ್ಲಿಯೂ ಬಿಡುತ್ತದೆ. ಸಾಲದುದಕ್ಕೆ ಈಚೆಗೆ "ಕ್ಲೌಡಿನಲ್ಲಿ ಸ್ಥಳವಿಲ್ಲ" ಎಂಬ ಎಚ್ಚರಿಕೆ ಬೇರೆ. "ದೋಷ ಆಟದ್ದೋ, ಬ್ಯಾಕಪ್ಪಿನದೋ, ಮಗಳದೋ? ಯಜಮಾನರ ತೀರ್ಪು ಮಗಳ ಕಡೆಗೇ ವಾಲುತ್ತಿದೆ" ಎಂದು ಆ ತಾಯಿ ಕೇಳಿದ್ದಾರೆ.

ಮಗಳನ್ನು ಮೊದಲು ಬಿಡುಗಡೆ ಮಾಡಿಬಿಡೋಣ. ಆಕೆ ನಿರಪರಾಧಿ. ಉಳಿದಿಬ್ಬರ ವಿಚಾರಣೆ ಮಾತ್ರ ಅಷ್ಟು ಸುಲಭವಲ್ಲ. ಏಕೆಂದರೆ ಆಟವೂ ಬ್ಯಾಕಪ್ಪೂ ತಮ್ಮ ತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿವೆ. ಜಗಳ ಹುಟ್ಟಿರುವುದೇ ಆ ಕರ್ತವ್ಯನಿಷ್ಠೆಯಿಂದ. ಕೂಡು ಕುಟುಂಬಗಳಲ್ಲಿ ಬಾಳಿದವರಿಗೆ ಇಂಥ ಜಗಳದ ಪರಿಚಯ ಇದ್ದೇ ಇರುತ್ತದೆ.

ವ್ಯಾಜ್ಯದ ಮೂಲ ಕ್ಯಾಷ್ ಎಂಬ ವಸ್ತುವಿನಲ್ಲಿದೆ. ಉಚ್ಚಾರಣೆಯನ್ನು ಕೇಳಿ ಇದು ಹಣವೆಂದು ಭ್ರಮಿಸಬಾರದು. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದವೊಂದರಿಂದ ಬಂದ ಬೇರೆಯೇ ಶಬ್ದ ಇದು. ಗಣಕಶಾಸ್ತ್ರಕ್ಕೆ ಈ ಪದ ಬಂದ ಬಗೆಯೂ ಸ್ವಾರಸ್ಯವಾಗಿದೆ. ಬೇಕಾದದ್ದನ್ನು ಕೈಗೆಟಕುವಂತೆ ಇರಿಸಿಕೊಳ್ಳುವ ಚಿಕ್ಕ ನೆನಪಿನ ಕೋಶದ ವಿಚಾರವನ್ನು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ 1965ರಲ್ಲಿ ಬರೆದಾಗ ಅದನ್ನು ‘ಸ್ಲೇವ್ ಮೆಮೊರಿ’ ಎಂದು ಕರೆದಿದ್ದರು. 1968ರಲ್ಲಿ ಐ.ಬಿ.ಎಂ. ಕಂಪನಿಯ ಸಿಸ್ಟಂ 360 ಮಾಡೆಲ್ 85 ಎಂಬ ಯಂತ್ರದ ವಿವರಣೆ ಆ ಕಂಪನಿಯ ಪತ್ರಿಕೆಯಲ್ಲಿ ಅಚ್ಚಾಗುವ ಸಂದರ್ಭ ಬಂದಿತು. ಲೇಖಕರು ‘ಅತಿವೇಗದ ಬಫರ್’ ಎಂದು ಬರೆದುದು ಸಂಪಾದಕರಾದ ಲೈಲ್ ಜಾನ್ಸನ್ನರಿಗೆ ರುಚಿಸಲಿಲ್ಲ. ಅವರು ಸೂಚಿಸಿದ ಪದವೇ ಕ್ಯಾಷ್. ಸಂಪಾದಕರು ಲೇಖಕರ ಮಾತನ್ನು ತಿದ್ದಿದ್ದರಿಂದ ಲೋಕಕ್ಕೆ ಒಳಿತಾದ ಅಪೂರ್ವ ನಿದರ್ಶನಗಳಲ್ಲಿ ಇದೂ ಒಂದು. (ನಮ್ಮ ಸಂಪಾದಕರು ಈ ವಾಕ್ಯಕ್ಕೆ ಕತ್ತರಿ ಹಾಕಲಾರರೆಂದು ನಂಬಿದ್ದೇನೆ.)

ಅಡುಗೆಮನೆಯ ದೃಷ್ಟಾಂತದಿಂದ ಇದು ಇನ್ನೂ ಸುಲಭವಾಗಿ ತಿಳಿದೀತು. ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿಗಳ ದಾಸ್ತಾನು ಉಗ್ರಾಣದಲ್ಲಿರುತ್ತದೆ. ಆದರೆ ಎಣ್ಣೆ ಕಾದು ಹೊಗೆಯಾಡುತ್ತಿರುವಾಗ ಉಗ್ರಾಣಕ್ಕೆ ಓಡುವ ಗೃಹಿಣಿ ಯಾರಿದ್ದಾರೆ? ಬೇಕಾದಷ್ಟನ್ನು ಒಗ್ಗರಣೆ ಡಬ್ಬಿಗೆ ತುಂಬಿ ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಡಬ್ಬಿ ಕೈಜಾರಿ ಚೆಲ್ಲಿದರೆ ಸಾರಿಗೆ ಐದು ನಿಮಿಷ ತಡವಾಗುತ್ತದೆ, ಮನೆಯೇನೂ ಮುಳುಗುವುದಿಲ್ಲ. ಕ್ಯಾಷ್ ಎಂಬುದು ಕಂಪ್ಯೂಟರಿನ ಒಗ್ಗರಣೆ ಡಬ್ಬಿ. ಮಾಡೆಲ್ 85ರಲ್ಲಿ ಅದರ ಗಾತ್ರ 16 ಕಿಲೋಬೈಟಿನಷ್ಟು. ಈ ಅಂಕಣದ ಬರಹವೇ ಅದನ್ನು ತುಂಬಿ ಹೊರಚೆಲ್ಲೀತು. ಅಲ್ಲಿ ಅದು ಯಂತ್ರದ ಒಂದು ಅಂಗವಾಗಿತ್ತು. ಅದೇ ಉಪಾಯವನ್ನು ಇಂದು ಆಟಗಳು ಡಿಸ್ಕಿನ ಮೇಲೆ ಫೈಲುಗಳ ರೂಪದಲ್ಲಿ ಅನುಸರಿಸುತ್ತವೆ. ಅವುಗಳ ಡಬ್ಬಿ ಗಿಗಾಬೈಟುಗಳವರೆಗೆ ಬೆಳೆಯುವುದುಂಟು.

ಅದರಲ್ಲಿ ಇರುವುದೇನು? ಆಟದ ಪಾತ್ರಗಳ, ಪೀಠೋಪಕರಣಗಳ ಪುಟ್ಟ ಚಿತ್ರಗಳು; ಒಮ್ಮೆ ಇಳಿಸಿಕೊಂಡ ನಕ್ಷೆಗಳು; ಮುಖ್ಯವಾಗಿ ಷೇಡರುಗಳ ತರ್ಜುಮೆ. ಷೇಡರ್ ಎಂದರೆ ನೀರಿನ ಹೊಳಪು, ಗೋಡೆಯ ನೆರಳು ಮೊದಲಾದವನ್ನು ಬಿಡಿಸುವ ಸೂತ್ರ. ಅದನ್ನು ನಿಮ್ಮ ಮನೆಯ ಗ್ರಾಫಿಕ್ಸ್ ಕಾರ್ಡಿಗೆ ತಿಳಿಯುವ ಭಾಷೆಗೆ ತಿರುಗಿಸಬೇಕು; ಅದಕ್ಕೆ ಹೊತ್ತು ಹಿಡಿಯುವುದರಿಂದ ಒಮ್ಮೆ ತಿರುಗಿಸಿದ್ದನ್ನು ಎತ್ತಿಡುತ್ತಾರೆ. ಈ ತರ್ಜುಮೆ ಆ ಕಾರ್ಡಿಗೆ, ಅದರ ಡ್ರೈವರಿನ ಆ ಆವೃತ್ತಿಗೆ ಮಾತ್ರ ಸಲ್ಲತಕ್ಕದ್ದು. ಬೇರೊಂದು ಬಗೆಯ ಕಾರ್ಡಿರುವ ಪಕ್ಕದ ಮನೆಯ ಕಂಪ್ಯೂಟರಿಗೆ ಒಯ್ದುಕೊಟ್ಟರೆ ಅದಕ್ಕೆ ಕವಡೆಯ ಬೆಲೆಯೂ ಇಲ್ಲ.

ಇದಕ್ಕೆ ತೀರ ವಿರುದ್ಧವಾದದ್ದು ‘ಸೇವ್’ ಎಂಬ ಫೈಲು. ಆಡುವವರು ತಿಂಗಳುಗಟ್ಟಲೆ ಕೂಡಿಹಾಕಿದ್ದೆಲ್ಲ ಇರುವುದು ಅದರಲ್ಲಿ. ಕ್ಯಾಷ್ ಅಳಿದರೆ ಯಂತ್ರ ಮತ್ತೆ ಮಾಡಿಕೊಳ್ಳುತ್ತದೆ. ಸೇವ್ ಅಳಿದರೆ ಮನುಷ್ಯ ಮತ್ತೆ ಮಾಡಬೇಕು. ಒಂದು ಸಾಸಿವೆ, ಇನ್ನೊಂದು ಒಡವೆ. ಎರಡನ್ನೂ ಒಂದೇ ಡಬ್ಬಿಯಲ್ಲಿಡುವ ಗೃಹಿಣಿ ನಮ್ಮಲ್ಲಿಲ್ಲ. ಆದರೆ ಆಟಗಳನ್ನು ರಚಿಸುವ ಮಹನೀಯರಲ್ಲಿ ಅಂಥವರು ಬಹಳ ಮಂದಿ ಇದ್ದಾರೆ.

‘ದಿ ಸಿಮ್ಸ್ 4’ ಎಂಬ ಆಟವನ್ನೇ ತೆಗೆದುಕೊಳ್ಳಿ. ಗೊಂಬೆಗಳ ಸಂಸಾರ ಹೂಡುವ ಈ ಆಟ ಹೊರಬಂದದ್ದು 2014ರಲ್ಲಿ. 2022ರ ಅಕ್ಟೋಬರಿನಿಂದ ಮೂಲ ಆಟ ಉಚಿತವಾಗಿ ಸಿಗುತ್ತಿದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಇದು ತನ್ನ ಸಂಸಾರವನ್ನೆಲ್ಲ ಹೂಡುವುದು ‘ಡಾಕ್ಯುಮೆಂಟ್ಸ್’ ಎಂಬ ಫೋಲ್ಡರಿನ ಒಳಗೆ. ಅಲ್ಲಿ ‘ಸೇವ್ಸ್’ ಎಂಬ ಕೋಣೆ ಇದೆ. ಅದರಲ್ಲಿ ಪ್ರತಿಯೊಂದು ಸಂಸಾರದ ಕಥೆಯೂ ಅದರ ಐದು ಹಿಂದಿನ ಪ್ರತಿಗಳೂ ಇರುತ್ತವೆ. ಅದರ ನೆರೆಯಲ್ಲೇ, ಒಂದೇ ಸೂರಿನಡಿ, ‘ಲೋಕಲ್‌ಥಂಬ್‌ಕ್ಯಾಷ್’ ಎಂಬ ಇನ್ನೊಂದು ಫೈಲು. ಅದನ್ನು ಅಳಿಸಿದರೆ ಆಟ ಹೊಸದನ್ನು ತಾನೇ ಕಟ್ಟಿಕೊಳ್ಳುತ್ತದೆ. ಆಟ ಮೊಂಡುಹಿಡಿದಾಗ ಅನುಭವಸ್ಥರು ಮೊದಲು ಮಾಡುವ ಚಿಕಿತ್ಸೆಯೇ ಅದು. 2011ರ ‘ಸ್ಕೈರಿಂ’ ಮೊದಲಾದ ಎಷ್ಟೋ ಹೆಸರಾಂತ ಆಟಗಳೂ ಬಿಡಾರ ಹೂಡಿರುವುದು ಡಾಕ್ಯುಮೆಂಟ್ಸಿನಲ್ಲೇ. ಅಪ್ಪನ ಪಿಂಚಣಿಯ ಕಾಗದ, ಅಣ್ಣನ ಪ್ರಬಂಧ, ಬ್ಯಾಂಕಿನ ಲೆಕ್ಕಪತ್ರ ಇವೆಲ್ಲ ಇರುವ ಜಾಗವೂ ಅದೇ ತಾನೆ? 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಆಟಗಳಿಗೆಂದೇ ‘ಸೇವ್ಡ್ ಗೇಮ್ಸ್’ ಎಂಬ ಪ್ರತ್ಯೇಕ ಫೋಲ್ಡರನ್ನು ಕಟ್ಟಿಸಿಕೊಟ್ಟರು. ಕ್ಯಾಷಿನಂಥ ಚಿಲ್ಲರೆ ಸಾಮಾನಿಗೆ ‘ಆ್ಯಪ್‌ಡೇಟಾ’ ಎಂಬ ಹಿತ್ತಲೂ ಇದೆ. ಆದರೂ ಅನೇಕ ಆಟಗಳು ನಡುಮನೆಯನ್ನು ಬಿಟ್ಟು ಕದಲಲಿಲ್ಲ.

ನಡುಮನೆಗೆ ಕಾವಲುಗಾರ ಬರುವವರೆಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಮೈಕ್ರೋಸಾಫ್ಟಿನವರು 2007ರಲ್ಲಿ ಸ್ಕೈಡ್ರೈವ್ ಎಂಬ ಹೆಸರಿನಲ್ಲಿ ತಂದ ಕ್ಲೌಡ್ ಕೋಠಿ, ಬ್ರಿಟನ್ನಿನ ಸ್ಕೈ ದೂರದರ್ಶನ ಸಂಸ್ಥೆಯೊಡನೆ ಹೆಸರಿನ ವ್ಯಾಜ್ಯವಾಗಿ, 2014ರಲ್ಲಿ ವನ್‌ಡ್ರೈವ್ ಆಯಿತು. ಡ್ರಾಪ್‌ಬಾಕ್ಸ್ 2008ರದು, ಗೂಗಲ್ ಡ್ರೈವ್ 2012ರದು. ಇವರೆಲ್ಲರ ಕೆಲಸ ಒಂದೇ: ಗೊತ್ತಾದ ಫೋಲ್ಡರನ್ನು ಎವೆಯಿಕ್ಕದೆ ನೋಡುತ್ತಿದ್ದು, ಯಾವ ಫೈಲು ಬದಲಾದರೂ ಒಡನೆ ಅದರ ಪ್ರತಿಯನ್ನು ದೂರದ ಭಂಡಾರಕ್ಕೆ ಸಾಗಿಸುವುದು. ವನ್‌ಡ್ರೈವ್ ಅಂತೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ಏರ್ಪಾಟನ್ನು ಇಟ್ಟಿದೆ. ಹೊಸ ಕಂಪ್ಯೂಟರನ್ನು ಅಣಿಗೊಳಿಸುವ ಸಡಗರದಲ್ಲಿ "ಆಗಲಿ, ಆಗಲಿ" ಎಂದು ಒತ್ತುತ್ತ ಹೋಗುವವರಲ್ಲಿ ಎಷ್ಟೋ ಮಂದಿಗೆ ತಾವು ಇದಕ್ಕೂ ಒಪ್ಪಿಗೆ ಕೊಟ್ಟೆವೆಂಬುದೇ ತಿಳಿದಿರುವುದಿಲ್ಲ.

ಈಗ ಆಟ ಆರಂಭವಾಗುತ್ತದೆ. ಸಾಸಿವೆಗೆ ಡಬ್ಬಿ ತೆರೆದು ಮುಚ್ಚುವಂತೆ ಆಟ ತನ್ನ ಕ್ಯಾಷನ್ನು ಮತ್ತೆ ಮತ್ತೆ ಬರೆಯುತ್ತದೆ. ಕಾವಲುಗಾರನಿಗೆ ಅದು ಸಾಸಿವೆಯೆಂದು ಯಾರು ಹೇಳಬೇಕು? ಡಬ್ಬಿ ಕೆಳಗಿಟ್ಟೊಡನೆ ಎತ್ತಿಕೊಂಡು ತಿಜೋರಿಗೆ ಓಡುತ್ತಾನೆ. ಅವನು ಹಿಂದಿರುಗುವಷ್ಟರಲ್ಲಿ ಡಬ್ಬಿ ಮತ್ತೆ ಬದಲಾಗಿರುತ್ತದೆ; ಮತ್ತೆ ಓಟ. ನಮ್ಮ ವಾಚಕಿ ಕಂಡ ಗಿರಗಿರನೆ ಸುತ್ತುವ ಬಾಣ ಇದೇ. ನಡುವೆ ಆಟಕ್ಕೆ ಡಬ್ಬಿ ಬೇಕಾದರೆ ಅದು ಅವನ ಕೈಯಲ್ಲಿದೆ! ಒಬ್ಬರು ತೆರೆದಿಟ್ಟುಕೊಂಡ ಫೈಲನ್ನು ಇನ್ನೊಬ್ಬರು ಮುಟ್ಟದಂತೆ ವಿಂಡೋಸ್ ಅನೇಕ ವೇಳೆ ತಡೆಯುತ್ತದೆ. ಆಟ ಒಂದು ಗಳಿಗೆ ನಿಂತು ಕಾಯುತ್ತದೆ, ಇಲ್ಲವೆ ಮುಗ್ಗರಿಸುತ್ತದೆ.

ಕ್ಯಾಷಿನಲ್ಲಿ ಇಷ್ಟಾದರೆ ತಡವಾಯಿತು ಎಂದು ಸುಮ್ಮನಿರಬಹುದು. ಅದೇ ಕಾವಲುಗಾರ ಸೇವ್ ಫೈಲಿನ ಬಳಿಯೂ ಹೀಗೆಯೇ ನಡೆದುಕೊಳ್ಳುತ್ತಾನೆ. ಅನೇಕ ಆಟಗಳು ಉಳಿಸುವಾಗ ಹಳೆಯದರ ಮೇಲೆ ನೇರವಾಗಿ ಬರೆಯುವುದಿಲ್ಲ. ಹೊಸದನ್ನು ಬೇರೆ ಹೆಸರಿನಲ್ಲಿ ಬರೆದು ಮುಗಿಸಿ, ಹಳೆಯದನ್ನು ಪಕ್ಕಕ್ಕೆ ಸರಿಸಿ, ಬಳಿಕ ಹೊಸದಕ್ಕೆ ಹಳೆಯ ಹೆಸರಿಡುತ್ತವೆ. ವಿವೇಕದ ಕ್ರಮವೇ. ಆದರೆ ನಾಮಕರಣದ ಆ ಕ್ಷಣಕ್ಕೆ ಸರಿಯಾಗಿ ಕಾವಲುಗಾರ ಫೈಲನ್ನು ಹಿಡಿದುಕೊಂಡಿದ್ದರೆ ಹೆಸರಿಡುವುದು ಸಾಧ್ಯವಾಗದು. "ಉಳಿಸಲಾಗಲಿಲ್ಲ" ಎಂಬ ಮಾತಿಗೆ ಕಾರಣ ಬೇರೆಯೂ ಇರಬಹುದು. ಮೋಡದ ಬಾಣ ಸುತ್ತುತ್ತಿರುವಾಗಲೇ ಆ ಮಾತು ಬಂದರೆ ಮೊದಲು ಸಂಶಯಪಡಬೇಕಾದದ್ದು ಇದನ್ನು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ‘ಮೈನ್‌ಕ್ರಾಫ್ಟ್’ ಎಂಬ, ಘನದ ಮೇಲೆ ಘನವಿಟ್ಟು ಊರು ಕಟ್ಟುವ ಆಟವನ್ನು ಮಕ್ಕಳಿರುವ ಮನೆಯವರೆಲ್ಲ ಬಲ್ಲರು. ಕಂಪ್ಯೂಟರಿನಲ್ಲಿ ಆಡುವ ಅದರ ಜಾವಾ ಆವೃತ್ತಿಯಲ್ಲಿ ಒಂದು ಪ್ರಪಂಚವೆಂದರೆ ಒಂದು ಫೈಲಲ್ಲ. ನೆಲವನ್ನು ತುಂಡುಗಳಾಗಿ ವಿಂಗಡಿಸಿ, ಉದ್ದಕ್ಕೆ 32, ಅಗಲಕ್ಕೆ 32, ಅಂತೂ 1024 ತುಂಡುಗಳಿಗೆ ಒಂದರಂತೆ ಫೈಲುಗಳನ್ನು ಮಾಡಿರುತ್ತಾರೆ. ಊರು ಬೆಳೆದಂತೆ ಫೈಲುಗಳೂ ಬೆಳೆಯುತ್ತವೆ. ಕಾವಲುಗಾರ ಇವನ್ನು ಒಂದೊಂದಾಗಿ ಸಾಗಿಸುತ್ತಾನೆ. ಅರ್ಧ ಸಾಗಿಸುವಷ್ಟರಲ್ಲಿ ಆಟ ಉಳಿದರ್ಧವನ್ನು ಬದಲಿಸಿದರೆ, ಭಂಡಾರದಲ್ಲಿರುವ ಊರಿನ ಪೂರ್ವಭಾಗ ಮಧ್ಯಾಹ್ನದ್ದು, ಪಶ್ಚಿಮಭಾಗ ಸಂಜೆಯದು! ಒಂದು ಪ್ರಪಂಚವನ್ನು ಒಂದು ವೇಳೆಗೆ ಒಬ್ಬರೇ ಆಳಬೇಕೆಂದು ಆ ಆಟ ‘ಸೆಷನ್ ಲಾಕ್’ ಎಂಬ ಪುಟ್ಟ ಫೈಲನ್ನು ಬೀಗವಾಗಿ ಇಡುತ್ತದೆ. ಆ ಬೀಗ ಆಟದ ಇನ್ನೊಂದು ಪ್ರತಿಗೆ ಅರ್ಥವಾದೀತು. ಕಾವಲುಗಾರನ ಪಾಲಿಗೆ ಅದೂ ಸಾಗಿಸಬೇಕಾದ ಸಾಮಾನುಗಳಲ್ಲೊಂದು.

ಇನ್ನು ಎರಡು ಕಂಪ್ಯೂಟರುಗಳಿರುವ ಮನೆ. ಒಂದರಲ್ಲಿ ಒಂದು ಸೇವ್, ಇನ್ನೊಂದರಲ್ಲಿ ಮತ್ತೊಂದು. ಎರಡಕ್ಕೂ ಹೆಸರು ಒಂದೇ. ಯಾವುದು ನಿಜ? ಹಳಗನ್ನಡ ಪಾಠ ಹೇಳುವವನಿಗೆ ಇದು ಬಹಳ ಪರಿಚಿತವಾದ ಪ್ರಶ್ನೆ. ಒಂದು ಕಾವ್ಯದ ಎರಡು ಓಲೆಪ್ರತಿಗಳು ಭಿನ್ನವಾದಾಗ ಸಂಪಾದಕ ಒಂದನ್ನು ಮೂಲದಲ್ಲಿಟ್ಟು ಇನ್ನೊಂದನ್ನು ಪಾಠಾಂತರವೆಂದು ಪುಟದ ಕೆಳಗೆ ಕೊಡುತ್ತಾನೆ, ಯಾವುದನ್ನೂ ಸುಡುವುದಿಲ್ಲ. ಈಚೆಗೆ ನಕಲು ಮಾಡಿದ ಪ್ರತಿಯೇ ಶ್ರೇಷ್ಠವೆಂದು ಅವನು ಹೇಳಿದರೆ ವಿದ್ವಾಂಸರು ನಕ್ಕಾರು. ಕ್ಲೌಡಿನವರ ನ್ಯಾಯದಲ್ಲಿ ಮಾತ್ರ ಹೊಸತಿಗೇ ಪಟ್ಟ. ತಾರೀಖು ಯಾವುದರದು ಈಚಿನದೋ ಅದು ಗೆಲ್ಲುತ್ತದೆ. ಕಂಪ್ಯೂಟರು ಕೆಟ್ಟು, ಆಟವನ್ನು ಹೊಸದಾಗಿ ಹಾಕಿ, ಒಮ್ಮೆ ತೆರೆದಿರೆನ್ನಿ. ಆ ಕ್ಷಣ ಹುಟ್ಟುವ ಬರಿದಾದ ಸೇವ್ ಫೈಲಿಗೆ ಇಂದಿನ ತಾರೀಖು! ಎರಡು ವರ್ಷಗಳ ದುಡಿಮೆಗಿಂತ ಅದು ಹೊಸದು.

ಕಾವಲುಗಾರರಲ್ಲೂ ಜಾಣರಿದ್ದಾರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಎರಡು ಕಡೆಯೂ ಬದಲಾಗಿರುವುದನ್ನು ಕಂಡರೆ ವನ್‌ಡ್ರೈವ್ ಒಂದರ ಹೆಸರಿಗೆ ಕಂಪ್ಯೂಟರಿನ ಹೆಸರನ್ನು ಅಂಟಿಸಿ ಎರಡನ್ನೂ ಉಳಿಸುವುದುಂಟು. ಡ್ರಾಪ್‌ಬಾಕ್ಸಿನಲ್ಲೂ ಅಂಥ ಏರ್ಪಾಟಿದೆ. ಪಾಠಾಂತರ ಕೊಟ್ಟಂತೆಯೇ ಸರಿ. ಆದರೆ ಆ ವಿಚಿತ್ರ ಹೆಸರಿನ ಫೈಲನ್ನು ಆಟ ಗುರುತಿಸುವುದಿಲ್ಲ. ಆಟಗಳಿಗಾಗಿಯೇ 2008ರಲ್ಲಿ ಹುಟ್ಟಿದ ಸ್ಟೀಂ ಕ್ಲೌಡಿನ ರೀತಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಅದು ಸಾಮಾನ್ಯವಾಗಿ ಕೆಲಸ ಮಾಡುವುದು ಆಟ ತೆರೆಯುವ ಮುನ್ನ ಮತ್ತು ಮುಚ್ಚಿದ ಬಳಿಕ. ಯಾವ ಫೈಲು ಒಯ್ಯಬೇಕೆಂಬುದನ್ನು ಆಟದ ಕರ್ತೃಗಳೇ ಮೊದಲು ಹೇಳಿರುತ್ತಾರೆ. ಎರಡು ಪ್ರತಿಗಳು ಹೊಂದದಿದ್ದರೆ ತಾರೀಖುಗಳನ್ನು ಮುಂದಿಟ್ಟು "ಯಾವುದಿರಲಿ?" ಎಂದು ಕೇಳುತ್ತದೆ. ಅವಸರದಲ್ಲಿ ತಪ್ಪು ಗುಂಡಿ ಒತ್ತುವ ಸ್ವಾತಂತ್ರ್ಯ ನಮಗೆ ಇದ್ದೇ ಇದೆ.

ಇಷ್ಟೆಲ್ಲ ವ್ಯಥೆ ಒಂದು ಆಟಕ್ಕಾಗಿ ಏಕೆ ಎನ್ನುವ ಹಿರಿಯರಿರಬಹುದು. ಅಂಥವರಿಗೆ ನನ್ನ ಪರಿಚಯದ ಒಂದು ಮನೆಯ ಸಂಗತಿ ಹೇಳುತ್ತೇನೆ. ತೀರ್ಥಹಳ್ಳಿಯ ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ಊರಿನ ತೊಟ್ಟಿಮನೆಯನ್ನು ಅಣ್ಣತಮ್ಮಂದಿರ ಪಾಲಾದ ಮೇಲೆ ಮಾರಿಬಿಟ್ಟರು. ಅವರ ಮಗ, ಪಿ.ಯು.ಸಿ. ಓದುತ್ತಿದ್ದ ಹುಡುಗ, ಆ ಮನೆಯನ್ನು ಕಂಪ್ಯೂಟರಿನ ಆಟವೊಂದರಲ್ಲಿ ಕಟ್ಟತೊಡಗಿದ. ಮೊದಮೊದಲು ಗದರಿಸಿದ ತಂದೆ, ಬರಬರುತ್ತ ಮಗನ ಕುರ್ಚಿಯ ಹಿಂದೆ ನಿಂತು ನೋಡಲಾರಂಭಿಸಿದರು. "ಜಗಲಿ ಇಷ್ಟು ತಗ್ಗಲ್ಲ ಮಾರಾಯ. ನಾನು ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ" ಎನ್ನುವರು. "ಅಪ್ಪ, ಆಗ ನೀವು ಎಷ್ಟು ದೊಡ್ಡವರಿದ್ದಿರಿ?" ಎಂದು ಅವನು ಕೇಳುವನು. ಬಚ್ಚಲ ಹಂಡೆ ಯಾವ ಮೂಲೆಯಲ್ಲಿತ್ತು, ಅಡಕೆ ಒಣಗಿಸುವ ಅಂಗಳಕ್ಕೆ ಎಷ್ಟು ಮೆಟ್ಟಿಲು ಎಂಬುದನ್ನು ಊರಿನ ಅತ್ತೆಗೆ ಫೋನು ಮಾಡಿ ಕೇಳಿದ್ದೂ ಉಂಟು. ಎರಡು ವರ್ಷ ಹೀಗೆ ನಡೆಯಿತು. ಕಳೆದುಹೋಗಬಾರದೆಂದು ಹುಡುಗ ಆಟದ ಫೋಲ್ಡರನ್ನು ಇಡಿಯಾಗಿ ಕ್ಲೌಡಿನ ಕಾವಲಿಗೆ ಒಪ್ಪಿಸಿದ. ಕಂಪ್ಯೂಟರಿನಲ್ಲಿ ಜಾಗ ಸಾಲದಾದಾಗ "ಜಾಗ ತೆರವು ಮಾಡು" ಎಂಬುದನ್ನು ಒತ್ತಿದ. ಹಾಗೆ ಒತ್ತಿದರೆ ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಮಾತ್ರ ಉಳಿಯುತ್ತದೆ. ತಿರುಳು ಇರುವುದು ಕ್ಲೌಡಿನಲ್ಲಿ.

ಮಾರ್ಚಿ ತಿಂಗಳು ಬಂದಿತು, ಪರೀಕ್ಷೆ. ಹುಡುಗ ಆಟವನ್ನು ಮುಚ್ಚಿ ಪುಸ್ತಕ ಹಿಡಿದ. ಅದೇ ದಿನಗಳಲ್ಲಿ ತಂದೆಯ ಫೋನಿಗೆ "ನಿಮ್ಮ 5 ಜಿ.ಬಿ. ತುಂಬಿದೆ" ಎಂಬ ಸೂಚನೆ ಬರುತ್ತಿತ್ತು. ಜಾಗವನ್ನು ನುಂಗಿದ್ದು ಬಹುಮಟ್ಟಿಗೆ ಆಟದ ಕ್ಯಾಷ್. ಇತ್ತ ಹಿರಿಯ ಮಗಳ ಸೀಮಂತದ ಚಿತ್ರಗಳು ಜಾಗವಿಲ್ಲದೆ ಮೇಲೇರದೆ ಫೋನಿನಲ್ಲೇ ಉಳಿದಿದ್ದುವು. ಒಂದು ಭಾನುವಾರ ಅವರು ಫೋನಿನಲ್ಲಿ ನೋಡುತ್ತಾರೆ: ಆಟದ ಹೆಸರಿನ ಫೋಲ್ಡರು, ಅದರ ತುಂಬ ಅರ್ಥವಾಗದ ಹೆಸರಿನ ಸಾವಿರಾರು ಫೈಲುಗಳು. ಸೀಮಂತದ ಚಿತ್ರಗಳ ಮುಂದೆ ಇದೇನು ಮಹಾ ಎಂದು ಅಳಿಸಿದರು. ಮಗನ ಕಂಪ್ಯೂಟರಿನಲ್ಲೂ ಅದು ಇದ್ದೇ ಇರುತ್ತದಲ್ಲ ಎಂಬ ಧೈರ್ಯ ಬೇರೆ.

ಅಲ್ಲಿರಲಿಲ್ಲ. ಸಿಂಕ್ ಎಂದರೆ ಎರಡೂ ಕಡೆ ಒಂದೇ ಆಗಿರಬೇಕು. ಇಲ್ಲಿ ಸೇರಿಸಿದರೆ ಅಲ್ಲೂ ಸೇರುತ್ತದೆ. ಅಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ. ಅದು ಕನ್ನಡಿಯೇ ಹೊರತು ತಿಜೋರಿಯಲ್ಲ. ಅಳಿಸಿದ್ದನ್ನು ಕ್ಲೌಡಿನ ಕಸದ ಬುಟ್ಟಿಯಲ್ಲಿ ಸ್ವಲ್ಪ ಕಾಲ ಇಟ್ಟಿರುತ್ತಾರೆ, ನಿಜ. ವನ್‌ಡ್ರೈವಿನ ಖಾಸಗಿ ಖಾತೆಯಲ್ಲಿ, ಗೂಗಲ್ ಡ್ರೈವಿನಲ್ಲಿ ಸಾಮಾನ್ಯವಾಗಿ 30 ದಿನ. ಆ ಮನೆಯವರು ನೆಚ್ಚಿದ್ದ ಕೋಠಿಯಲ್ಲೂ ಅವಧಿ ಅಷ್ಟೇ ಇತ್ತು. ಹುಡುಗ ಪರೀಕ್ಷೆಗಳನ್ನೆಲ್ಲ ಮುಗಿಸಿ ಆಟ ತೆರೆದದ್ದು ನಲವತ್ತು ದಿನಗಳ ಮೇಲೆ. ತೊಟ್ಟಿಮನೆ ಎರಡನೆಯ ಸಲ ಕೈಬಿಟ್ಟಿತು. "ಮೊದಲನೆಯದನ್ನು ಮಾರಿದಾಗ ಕೈಗೆ ಒಂದಿಷ್ಟು ದುಡ್ಡಾದರೂ ಬಂದಿತ್ತು" ಎಂದು ಆ ತಂದೆ ನನ್ನೊಡನೆ ಹೇಳಿ ನಗಲು ಯತ್ನಿಸಿದರು.

ಆದ್ದರಿಂದ, ಬಸವನಗುಡಿಯ ತಾಯಿಯವರೆ, ಸ್ಥಳವಿಲ್ಲವೆಂಬ ಎಚ್ಚರಿಕೆಯನ್ನು ಕಂಡು ಯಜಮಾನರು ಏನನ್ನಾದರೂ ಅಳಿಸಹೊರಟರೆ ಮೊದಲು ಕೈಹಿಡಿದು ನಿಲ್ಲಿಸಿ. ಮಗಳನ್ನು ಕರೆದು "ಇದರಲ್ಲಿ ನಿನ್ನ ಒಡವೆ ಯಾವುದು, ಸಾಸಿವೆ ಯಾವುದು?" ಎಂದು ಕೇಳಿ. ಆಕೆಗೆ ಗೊತ್ತಿರುತ್ತದೆ, ಇಲ್ಲವಾದರೆ ಆಟದ ಕಂಪನಿಯವರ ಸಹಾಯದ ಪುಟಗಳಲ್ಲಿ ಹುಡುಕಿ ಹೇಳುತ್ತಾಳೆ. ಆಟವನ್ನು ಪೂರ್ತಿ ಮುಚ್ಚಿದ ಮೇಲೆ ಸೇವ್ ಫೋಲ್ಡರನ್ನು ಮಾತ್ರ, ಹೆಸರಿಗೆ ಆ ದಿನದ ತಾರೀಖು ಸೇರಿಸಿ, ಒಂದು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ಪ್ರತಿ ಮಾಡಲಿ. ವಾರಕ್ಕೊಮ್ಮೆ ಮಾಡಿದರೆ ಸಾಕು. ಹಳೆಯ ಪ್ರತಿಯ ಮೇಲೆ ಹೊಸದನ್ನು ಹಾಕದೆ ಬೇರೆಯಾಗಿಯೇ ಇಡಬೇಕು. ಕೆಲಸ ಮುಗಿದೊಡನೆ ಅದನ್ನು ಕಂಪ್ಯೂಟರಿನಿಂದ ಬಿಚ್ಚಿ ಬೀರುವಿನಲ್ಲಿಡಲಿ. ಸಿಕ್ಕಿಸಿಯೇ ಬಿಟ್ಟರೆ ಅದೂ ಕಂಪ್ಯೂಟರಿನ ಕಷ್ಟಸುಖಗಳಲ್ಲಿ ಪಾಲುಗೊಳ್ಳುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಲೆಕ್ಕವೊಂದಿದೆ: ಪ್ರತಿ ಮೂರು, ಇಡುವ ಸಾಧನ ಎರಡು ಬಗೆ, ಅವುಗಳಲ್ಲಿ ಒಂದು ಮನೆಯಿಂದ ಹೊರಗೆ. ಹೊರಗಿನ ಆ ಒಂದಕ್ಕೆ ಕ್ಲೌಡ್ ಧಾರಾಳವಾಗಿ ಒದಗುತ್ತದೆ. ಅದೊಂದನ್ನೇ ನೆಚ್ಚಬಾರದು, ಅಷ್ಟೆ.

ಆಟವಾಡುವ ಹೊತ್ತಿನಲ್ಲಿ ಕಾವಲುಗಾರನಿಗೆ ರಜೆ ಕೊಡಬಹುದು. ವನ್‌ಡ್ರೈವಿನಲ್ಲಿ ಮೋಡದ ಗುರುತಿನ ಮೇಲೆ ಒತ್ತಿದರೆ 2, 8 ಅಥವಾ 24 ಗಂಟೆಗಳ ಕಾಲ ಸಿಂಕನ್ನು ತಡೆಹಿಡಿಯುವ ಅವಕಾಶವಿದೆ. ಎರಡು ಗಂಟೆಯದನ್ನು ಆರಿಸಿದರೆ ಮಗಳ ಆಟದ ಅವಧಿಯೂ ತಾನಾಗಿ ಗೊತ್ತಾಗುತ್ತದೆ. ಯಜಮಾನರಿಗೂ ಇದು ಒಪ್ಪಿಗೆಯಾದೀತು. ಪುನಃ ಪುನಃ ಇದನ್ನು ಮಾಡಲು ಬೇಸರವಾದರೆ ಡಾಕ್ಯುಮೆಂಟ್ಸ್ ಫೋಲ್ಡರಿನ ಬ್ಯಾಕಪ್ಪನ್ನೇ ನಿಲ್ಲಿಸಿ, ಕಛೇರಿಯ ಕಾಗದಪತ್ರಗಳನ್ನು ಮಾತ್ರ ವನ್‌ಡ್ರೈವಿನ ಬೇರೊಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಬಹುದು. ಆದರೆ ನಿಲ್ಲಿಸುವ ಮುನ್ನ ಎಲ್ಲದರ ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ. ನಿಲ್ಲಿಸಿದ ಮೇಲೆ ಡಾಕ್ಯುಮೆಂಟ್ಸ್ ಖಾಲಿಯಾಗಿ ಕಂಡು ಎದೆ ಝಲ್ಲೆಂದವರು ಅನೇಕರಿದ್ದಾರೆ. ಫೈಲುಗಳು ಎಲ್ಲಿಗೂ ಹೋಗಿರುವುದಿಲ್ಲ. ವನ್‌ಡ್ರೈವಿನ ಫೋಲ್ಡರಿನೊಳಗೆ ಇನ್ನೊಂದು ಡಾಕ್ಯುಮೆಂಟ್ಸ್ ಇರುತ್ತದೆ, ಅಲ್ಲಿ ಕುಳಿತಿರುತ್ತವೆ. ಅಲ್ಲಿಂದ ಎತ್ತಿ ಸ್ವಸ್ಥಾನಕ್ಕೆ ತಂದುಕೊಳ್ಳಬೇಕು. ಆ ಕೆಲಸವನ್ನು ಮಗಳಿಗೇ ವಹಿಸಿ, ಆಕೆ ಮಾಡುವಾಗ ಯಜಮಾನರು ಕುರ್ಚಿಯ ಹಿಂದೆ ನಿಂತು ನೋಡಲಿ.